ಮೊದಲ ತಿಂಗಳ ಕಳೆಯನ್ನು ಮುಂದಕ್ಕೆ ಹಾಕಬೇಡಿ

ಪುನರ್ವಸು ಮಳೆಗೆ ರಾಗಿ ಬಿತ್ತಿದ್ದೀರಿ. ಪೈರು ಚೆನ್ನಾಗಿ ಹುಟ್ಟಿದೆ. ಬದುವಿನ ಮೇಲೆ ನಿಂತರೆ ಕಣ್ಣು ಹಾಯುವಷ್ಟು ದೂರ ಹಸಿರು. ಫೋಟೋ ತೆಗೆದು ನೆಂಟರಿಷ್ಟರಿಗೆಲ್ಲ ಕಳಿಸುತ್ತೀರಿ. ‘ಕಳೆ ಸ್ವಲ್ಪ ಇದೆ, ಹಬ್ಬ ಕಳೀಲಿ, ಆಮೇಲೆ ಆಳು ಕರೆದು ಕೀಳಿಸೋಣ’ ಅಂದುಕೊಂಡು ಬೆಂಗಳೂರಿನ ರೈಲು ಹತ್ತುತ್ತೀರಿ. 2017ರಲ್ಲಿ ಕುಣಿಗಲ್ ಮೇಲೆ ಹಾಸನದ ರೈಲುಮಾರ್ಗ ತೆರೆದ ಮೇಲೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬೇಸಾಯ ಹೀಗೆ ವಾರದ ಕೊನೆಯ ಕೆಲಸವಾಗಿದೆ. ಅದಕ್ಕೆ ನಾನು ಬೈಯುವುದಿಲ್ಲ. ಹೊಟ್ಟೆಪಾಡು ಎಲ್ಲರಿಗೂ ಇದೆ. ಹೊಲ ಬೀಳು ಬಿಡದೆ ಬಿತ್ತುತ್ತಿದ್ದೀರಲ್ಲ, ಅದೇ ದೊಡ್ಡದು. ಆದರೆ ‘ಹಬ್ಬ ಕಳೀಲಿ’ ಅಂತೀರಲ್ಲ, ಆ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾಳೆ ಎಂದವನ ಮನೆ ಹಾಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಳೆ ಏನು ಮಾಡುತ್ತದೆ ಎಂದು ನಿಮ್ಮನ್ನು ಕೇಳಿದರೆ, ನೀರು ಕುಡಿಯುತ್ತದೆ, ಗೊಬ್ಬರ ತಿನ್ನುತ್ತದೆ ಅನ್ನುತ್ತೀರಿ. ಈ ಸಲ ಮಳೆ ಚೆನ್ನಾಗಿದೆ, ಗೊಬ್ಬರವೂ ಬಿದ್ದಿದೆ, ಎರಡಕ್ಕೂ ಸಾಲುತ್ತದೆ, ಅವಸರವೇನು ಎಂಬುದು ನಿಮ್ಮ ಲೆಕ್ಕ. ಈ ಲೆಕ್ಕದಲ್ಲಿ ಒಂದು ದೊಡ್ಡ ಬಾಬ್ತು ಬಿಟ್ಟುಹೋಗಿದೆ. ಕಳೆಯ ಬೇರು ರಾಗಿಯ ಬೇರನ್ನು ಮುಟ್ಟುವುದಕ್ಕೂ ಮುಂಚೆ, ಕಳೆಯ ನೆರಳು ರಾಗಿಯ ಮೇಲೆ ಬೀಳುವುದಕ್ಕೂ ಮುಂಚೆ, ಪಕ್ಕದಲ್ಲಿ ಯಾರೋ ಬಂದಿದ್ದಾರೆ ಎಂದು ಪೈರಿಗೆ ಗೊತ್ತಾಗಿಬಿಡುತ್ತದೆ. ಗೊತ್ತಾದ ಕೂಡಲೇ ಅದರೊಳಗಿನ ಜೀನುಗಳಲ್ಲಿ ಕೆಲವು ಎದ್ದು ಕೂರುತ್ತವೆ, ಕೆಲವು ಮಲಗುತ್ತವೆ. ಪೈರು ತನ್ನ ಬೆಳವಣಿಗೆಯ ದಾರಿಯನ್ನೇ ಬದಲಿಸಿಕೊಳ್ಳುತ್ತದೆ. ತಡವಾಗಿ ಕಳೆ ಕಿತ್ತರೆ ನೀರು, ಗೊಬ್ಬರ ಉಳಿಯಬಹುದು. ಪೈರು ಹಿಡಿದ ಆ ದಾರಿ ಪೂರ್ತಿ ಹಿಂದಕ್ಕೆ ಬರುವುದಿಲ್ಲ.

ಇದು ಹೇಗೆ ಎಂದು ಸ್ವಲ್ಪ ಸಾವಧಾನವಾಗಿ ಕೇಳಿ. ಗಿಡದ ಹಸಿರು ಎಲೆ ಬಿಸಿಲಿನಲ್ಲಿರುವ ಕೆಂಪು ಬೆಳಕನ್ನು ಹೀರಿಕೊಂಡು ಆಹಾರ ಮಾಡಿಕೊಳ್ಳುತ್ತದೆ. ಕೆಂಪಿನ ಪಕ್ಕದಲ್ಲೇ ಇನ್ನೊಂದು ಬೆಳಕಿದೆ, ದೂರಕೆಂಪು. ನಮ್ಮ ಕಣ್ಣಿಗೆ ಅದು ಕಂಡೂ ಕಾಣದಷ್ಟು. ಎಲೆಗೆ ಅದು ಬೇಡ, ಆದ್ದರಿಂದ ಅದನ್ನು ಸುತ್ತ ಚೆಲ್ಲಿಬಿಡುತ್ತದೆ. ಬಯಲು ಬಿಸಿಲಿನಲ್ಲಿ ಈ ಎರಡೂ ಹೆಚ್ಚುಕಡಿಮೆ ಸಮಸಮ. ಪಕ್ಕದಲ್ಲಿ ಹಸಿರು ಎಲೆ ಬಂತೆಂದರೆ ದೂರಕೆಂಪಿನ ಪಾಲು ಏರುತ್ತದೆ. ಗಿಡದೊಳಗೆ ಫೈಟೋಕ್ರೋಮ್ ಎಂಬ ಪ್ರೋಟೀನು ಇದೆ, ಈ ಎರಡು ಬೆಳಕಿನ ಪಾಲನ್ನು ತೂಗುವುದೇ ಅದರ ಕೆಲಸ. ಅಮೆರಿಕದ ಬೆಲ್ಟ್ಸ್‌ವಿಲ್ ಎಂಬಲ್ಲಿನ ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರದವರು 1950ರ ದಶಕದಲ್ಲಿ ಇದನ್ನು ಕಂಡುಹಿಡಿದರು. ನೆರಳು ಬೀಳುವ ಮುಂಚೆಯೇ, ಬರೀ ನೆರೆಗಿಡದ ಎಲೆ ಚೆಲ್ಲಿದ ಬೆಳಕಿನಿಂದಲೇ ಗಿಡ ಎಚ್ಚರಗೊಳ್ಳುತ್ತದೆ ಎಂದು 1990ರಲ್ಲಿ ಅರ್ಜೆಂಟೀನದ ಕಾರ್ಲೋಸ್ ಬಲ್ಲಾರೆ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಎಚ್ಚರಗೊಂಡ ಗಿಡ ಏನು ಮಾಡುತ್ತದೆ? ಮೇಲಕ್ಕೆ ಓಡುತ್ತದೆ. ಫೈಟೋಕ್ರೋಮ್ ಹಿಡಿತ ಸಡಿಲವಾದಾಗ ಅದುವರೆಗೆ ಅಡಗಿದ್ದ ಕೆಲವು ಪ್ರೋಟೀನುಗಳು ಬಿಡುಗಡೆಯಾಗಿ, ಕಾಂಡ ಉದ್ದ ಮಾಡುವ ಜೀನುಗಳನ್ನು ಎಬ್ಬಿಸುತ್ತವೆ. ಆಕ್ಸಿನ್ ಎಂಬ ಬೆಳವಣಿಗೆಯ ಚೋದಕ ಹೆಚ್ಚುತ್ತದೆ. ಕಾಂಡ ಸಣ್ಣಗೆ, ನೀಳವಾಗಿ ಏಳುತ್ತದೆ. ಆ ಖರ್ಚಿಗೆ ದುಡ್ಡು ಎಲ್ಲಿಂದ? ಬೇರಿನಿಂದ ಮತ್ತು ತೆಂಡೆಯಿಂದ. ಪಕ್ಕದ ಮನೆಯವರ ಮೇಲೆ ಪೈಪೋಟಿಗೆ ಬಿದ್ದು ಮಹಡಿ ಎಬ್ಬಿಸಿ, ಕಣಜ ಬರಿದು ಮಾಡಿಕೊಂಡ ಸಂಸಾರದ ಹಾಗೆ ಆಗುತ್ತದೆ ಪೈರಿನ ಗತಿ.

ತೆಂಡೆಯ ವಿಷಯಕ್ಕೆ ಬಂದೆ, ಇಲ್ಲಿ ನೀವು ಕಿವಿಗೊಡಬೇಕು. ರಾಗಿಯ ಇಳುವರಿ ಎಂದರೆ ತೆಂಡೆ. ಬುಡದ ಮೊಗ್ಗುಗಳು ಒಡೆದರೆ ತೆಂಡೆ, ತೆಂಡೆಗೊಂದು ತೆನೆ. ಆ ಮೊಗ್ಗಿಗೆ ‘ಸುಮ್ಮನಿರು’ ಎಂದು ಹೇಳುವ ಜೀನು ಒಂದಿದೆ. ವಿಜ್ಞಾನಿಗಳು ಅದನ್ನು ಟಿಬಿ1 ಎಂದು ಕರೆಯುತ್ತಾರೆ. ಕಾಡುಹುಲ್ಲಿನಿಂದ ಮೆಕ್ಕೆಜೋಳ ಊರುಬೆಳೆಯಾದದ್ದರಲ್ಲಿ ಇದೇ ಜೀನಿನ ಕೈವಾಡ ದೊಡ್ಡದು. ಪೊದೆಯಾಗಿ ಕವಲೊಡೆಯುತ್ತಿದ್ದ ಹುಲ್ಲು ಒಂಟಿ ದಂಟಿನ ಬೆಳೆಯಾಯಿತು. 2006ರಲ್ಲಿ ಟೆಕ್ಸಾಸ್‌ನ ಸಂಶೋಧಕರು ನಮ್ಮ ಜೋಳದ ಸಸಿಗಳನ್ನೇ ಇಟ್ಟುಕೊಂಡು ನೋಡಿದರು. ಬೆಳಕು ಸರಿಯಿದ್ದಾಗ ಫೈಟೋಕ್ರೋಮ್ ಈ ಜೀನನ್ನು ಅದುಮಿ ಇಡುತ್ತದೆ, ಮೊಗ್ಗು ಒಡೆಯುತ್ತದೆ. ದೂರಕೆಂಪು ಹೆಚ್ಚಾದರೆ ಜೀನು ಏಳುತ್ತದೆ, ಮೊಗ್ಗು ಮುದುರಿಕೊಂಡು ಕೂರುತ್ತದೆ. ರಾಗಿ, ಜೋಳ, ಮೆಕ್ಕೆಜೋಳ, ಭತ್ತ ಎಲ್ಲವೂ ಒಂದೇ ಹುಲ್ಲಿನ ಕುಲದವು. ಬೆಳಕು ತೂಗುವ ಈ ತಕ್ಕಡಿ ಎಲ್ಲಕ್ಕೂ ಇದೆ.

ನಂಬಿಕೆ ಬರದಿದ್ದರೆ ಹೊಲಕ್ಕೆ ಹೋಗಿ ನೋಡಿ. ಬದುವಿನ ಮೇಲೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ, ಒಳಗೆ ಇಳಿಯಬೇಕು, ಕುಕ್ಕರಗಾಲಲ್ಲಿ ಕೂರಬೇಕು. ಬಿತ್ತಿದ ನಾಲ್ಕನೇ ವಾರದಲ್ಲಿ ಒಂದೇ ಸಾಲಿನಿಂದ ಎರಡು ಪೈರು ಮಣ್ಣುಸಮೇತ ಎಬ್ಬಿಸಿ. ಒಂದು, ಅಣ್ಣೆಸೊಪ್ಪೋ ದಂಟೋ ಒತ್ತಿಕೊಂಡು ಬೆಳೆದ ಕಡೆಯದು. ಇನ್ನೊಂದು, ಸುತ್ತ ಚೊಕ್ಕಟವಾಗಿರುವ ಕಡೆಯದು. ಬೇರು ತೊಳೆದು ಪಕ್ಕಪಕ್ಕದಲ್ಲಿ ಇಡಿ. ಕಳೆಯ ಪಕ್ಕದ್ದು ನೋಡಲು ಎತ್ತರ, ಎಲೆ ನೆಟ್ಟಗೆ ಮೇಲಕ್ಕೆ, ಬುಡ ಸಪೂರ, ಬೇರಿನ ಜಡೆ ತೆಳುವು. ಚೊಕ್ಕಟದ ಕಡೆಯದು ಗಿಡ್ಡ, ಬುಡ ಚಪ್ಪಟೆಯಾಗಿ ದಪ್ಪ. ಅದರ ಹೊರಗಿನ ಎಲೆಯ ಬುಡವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರೆ ಒಳಗೆ ಬಿಳಿಹಸಿರು ಮೊನೆ ಕಾಣುತ್ತದೆ. ಅದೇ ಮುಂದೆ ತೆಂಡೆಯಾಗುವುದು. ನೀವು ಬದುವಿನ ಮೇಲೆ ನಿಂತು ‘ಪೈರು ಎಷ್ಟು ಎತ್ತರ ಬಂದಿದೆ’ ಎಂದು ಸಂತೋಷಪಟ್ಟಿರಲ್ಲ, ಆ ಎತ್ತರ ಎಷ್ಟೋ ಸಲ ಪೈರಿನ ಸಂಕಟ. ಹೊಂಗೆ ಮರದ ಮಗ್ಗುಲಲ್ಲಿ ಬೆಳೆದ ರಾಗಿ ನೀಳವಾಗಿ, ಒಂಟಿ ಕಡ್ಡಿಯಾಗಿ ನಿಲ್ಲುವುದನ್ನು ನೀವೆಲ್ಲ ಕಂಡಿದ್ದೀರಿ. ಅಲ್ಲೂ ನಡೆಯುವುದು ಇದೇ.

ನೀರು, ಗೊಬ್ಬರದ ಕಿತ್ತಾಟವಿಲ್ಲದೆಯೂ ಹೀಗಾಗುತ್ತದೆಯೇ ಎಂದು ನೀವು ಕೇಳಬಹುದು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಕ್ಲಾರೆನ್ಸ್ ಸ್ವಾಂಟನ್ ಎಂಬ ಕಳೆ ವಿಜ್ಞಾನಿಯ ತಂಡ ಇದನ್ನೇ ಪರೀಕ್ಷೆ ಮಾಡಿತು. ಮೆಕ್ಕೆಜೋಳದ ಸಸಿಯ ಸುತ್ತ ಹುಲ್ಲು ಬೆಳೆಸಿದರು. ಬೇರು ಬೇರುಗಳು ಸೇರದಂತೆ ಅಡ್ಡ ಇಟ್ಟರು. ನೀರು ಬೇರೆ, ಪೋಷಕಾಂಶ ಬೇರೆ. ಹುಲ್ಲಿನಿಂದ ಚೆಲ್ಲಿದ ಬೆಳಕು ಮಾತ್ರ ಸಸಿಗೆ ಸಿಗುವಂತೆ ಮಾಡಿದರು. ಸಸಿಯ ರೂಪ ಬದಲಾಯಿತು. ಅಮೆರಿಕದ ಸೌತ್ ಡಕೋಟ ರಾಜ್ಯ ವಿಶ್ವವಿದ್ಯಾಲಯದವರು ಇನ್ನೂ ಮುಂದಕ್ಕೆ ಹೋಗಿ, ಕಳೆಯ ನಡುವೆ ಬೆಳೆದ ಮೆಕ್ಕೆಜೋಳದಲ್ಲಿ ಯಾವ ಯಾವ ಜೀನು ಕೆಲಸ ಮಾಡುತ್ತಿದೆ ಎಂದು ನೋಡಿದರು. ಆಹಾರ ತಯಾರಿಸುವ ಜೀನುಗಳೇ ಮಂಕಾಗಿದ್ದವು. ಎಂಟೆಲೆಯ ಹಂತದಲ್ಲಿ ಕಳೆ ಕಿತ್ತು ಚೊಕ್ಕಟ ಮಾಡಿದರೂ ಗಿಡ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂದು ನಾವು ಹೇಳುವುದು ಇಂಥದ್ದಕ್ಕೇ.

ಹಾಗೆಂದು ಗಾಬರಿಯಾಗಿ ‘ಬೀಜವೇ ಕೆಟ್ಟುಹೋಯಿತು’ ಅನ್ನಬೇಡಿ. ಕೆಲವರು ಹಾಗಂದು ಮನೆಬೀಜ ಎಸೆದು ಅಂಗಡಿಗೆ ಓಡುತ್ತಾರೆ. ಕಳೆಯಿಂದ ಜೀನು ಬದಲಾಗುವುದಿಲ್ಲ. ಯಾವ ಜೀನು ಯಾವಾಗ ಎಷ್ಟು ಕೆಲಸ ಮಾಡಬೇಕು ಎಂಬುದು ಬದಲಾಗುತ್ತದೆ. ಅದೇ ಬೀಜವನ್ನು ಮುಂದಿನ ವರ್ಷ ಚೊಕ್ಕಟ ಹೊಲದಲ್ಲಿ ಬಿತ್ತಿ, ತೆಂಡೆ ಬಂದೇ ಬರುತ್ತದೆ. ರಾಗಿಯ ಜೀನುಗಳು ಬಡವೂ ಅಲ್ಲ. 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ ನಮ್ಮ ಎಂಎಲ್-365 ತಳಿಯ ಪೂರ್ತಿ ಜೀನುಗಳ ಓದನ್ನು ಪ್ರಕಟಿಸಿತು. ಅದರಲ್ಲಿ ಕಂಡದ್ದು 85,000ಕ್ಕೂ ಹೆಚ್ಚು ಜೀನುಗಳು. ಮನುಷ್ಯನಿಗಿರುವುದು ಸುಮಾರು 20,000. ಇಷ್ಟು ಸಿರಿವಂತ ಬೆಳೆಯನ್ನು ಕೈಯಲ್ಲಿಟ್ಟುಕೊಂಡು ಅದರ ಮೊದಲ ತಿಂಗಳನ್ನು ನಾವು ಹಾಳು ಮಾಡಬಾರದು.

ಈಗ ಮಾಡಬೇಕಾದ್ದನ್ನು ಹೇಳುತ್ತೇನೆ. ರಾಗಿಗೆ ಕಳೆಯ ಕಾಟ ನಿಜವಾಗಿ ತಟ್ಟುವುದು ಮೊದಲ ನಾಲ್ಕರಿಂದ ಆರು ವಾರ. ಕೂರಿಗೆಯಲ್ಲಿ ಬಿತ್ತಿದ್ದರೆ ಮೂರನೇ ವಾರದಲ್ಲಿ ಎಡೆಕುಂಟೆ ಹೊಡೆಯಿರಿ, ಹಿಂದೆಯೇ ಸಾಲಿನೊಳಗಿನ ಕಳೆಯನ್ನು ಕೈಯಲ್ಲಿ ತೆಗೆಸಿ. ಹತ್ತು ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಮೊದಲ ಕಳೆ ಮುಗಿದಿರಲಿ. ಗೌರಿ ಹಬ್ಬದವರೆಗೆ ಎಳೆದರೆ ನೀವು ಕೊಡುವ ಕೂಲಿ ಒಂದಕ್ಕೆರಡು, ಸಿಗುವ ಲಾಭ ಅರ್ಧ. ಕಳೆಯೂ ಅಷ್ಟರಲ್ಲಿ ಮೊಣಕಾಲೆತ್ತರ ಬೆಳೆದು, ಕೀಳುವಾಗ ಪೈರನ್ನೂ ಎಳೆದುಕೊಂಡು ಬರುತ್ತದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವುದು ಯಾಕೆ? ಆಳು ಸಿಗುವುದಿಲ್ಲ ಎಂಬ ನಿಮ್ಮ ಕಷ್ಟ ನನಗೆ ಗೊತ್ತು. ಕೈಯಲ್ಲಿ ತಳ್ಳುವ ಸೈಕಲ್ ಎಡೆಕುಂಟೆ ಒಂದು ಮನೆಯಲ್ಲಿಟ್ಟುಕೊಂಡರೆ ಬೆಳಿಗ್ಗೆಯ ತಂಪಿನಲ್ಲಿ ನೀವೇ ನಾಲ್ಕು ಸಾಲು ಹೊಡೆಯಬಹುದು. ಬಾಡಿಗೆಗೆ ಕೃಷಿ ಯಂತ್ರಧಾರೆ ಇದೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಅಮೃತೂರಾಗಲಿ ಹುಲಿಯೂರುದುರ್ಗವಾಗಲಿ, ಬಿತ್ತುವ ಮುಂಚೆಯೇ ಹೆಸರು ಬರೆಸಿ. ಎಲ್ಲರಿಗೂ ಒಂದೇ ವಾರ ಬೇಕಾದಾಗ ಹೋಗಿ ನಿಂತರೆ ಯಾರಿಗೆ ತಾನೇ ಸಿಕ್ಕೀತು?

ಬೀಜ ಸುರಿಯುವ ಅಭ್ಯಾಸವನ್ನೂ ಬಿಡಬೇಕು. ‘ಕಳೆಗೆ ಜಾಗ ಬಿಡಬಾರದು’ ಎಂದು ಎರಚಿ ಒತ್ತಾಗಿ ಬಿತ್ತುತ್ತೀರಿ. ಪೈರಿಗೆ ಇದು ನಮ್ಮವರು, ಇದು ಪರರು ಎಂಬ ಭೇದ ಬೆಳಕಿನಲ್ಲಿ ತಿಳಿಯುವುದಿಲ್ಲ. ಪಕ್ಕದ ರಾಗಿಯ ಎಲೆಯೂ ದೂರಕೆಂಪನ್ನೇ ಚೆಲ್ಲುತ್ತದೆ. ಒತ್ತಾದರೆ ರಾಗಿ ರಾಗಿಯನ್ನೇ ಕಂಡು ಹೆದರಿ ಮೇಲಕ್ಕೆ ಓಡುತ್ತದೆ, ತೆಂಡೆ ಬಿಡುವುದಿಲ್ಲ, ಕೊನೆಗೆ ಗಾಳಿಮಳೆಗೆ ಮಲಗುತ್ತದೆ. ಕೂರಿಗೆಗೆ ಎಕರೆಗೆ ನಾಲ್ಕೈದು ಕೆ.ಜಿ. ಸಾಕು. ಸಾಲಿನಿಂದ ಸಾಲಿಗೆ ಒಂದು ಅಡಿ, ಪೈರಿನಿಂದ ಪೈರಿಗೆ ನಾಲ್ಕು ಬೆರಳು. ಹೆಚ್ಚಾದದ್ದನ್ನು ಎರಡು ಮೂರು ವಾರದೊಳಗೆ ಕಿತ್ತುಬಿಡಿ. ಕೀಳುವಾಗ ಕರುಳು ಚುರುಕ್ ಅನ್ನುತ್ತದೆ, ನಿಜ. ಅತಿಯಾಸೆ ಗತಿಗೇಡು ಎಂಬುದನ್ನು ನೆನೆದು ಕೀಳಿ. ಹಾವೇರಿ ಕಡೆಯ ಗುಳಿ ರಾಗಿ ಬೇಸಾಯ ನೋಡಿ ಬಂದವರು ನಿಮ್ಮಲ್ಲೂ ಇರಬಹುದು. ಒಂದೂವರೆ ಅಡಿಗೊಂದು ಗುಳಿ, ಎಳೆ ಪೈರಿನ ಮೇಲೆ ಕೊರಡು ಎಳೆಯುತ್ತಾರೆ, ಸುತ್ತಲೂ ಎಡೆಕುಂಟೆ ಓಡಿಸುತ್ತಾರೆ. ಬುಡಕ್ಕೆ ಬಿಸಿಲು ಬಿದ್ದ ಪೈರು ಪೊದೆಯ ಹಾಗೆ ತೆಂಡೆ ಒಡೆಯುತ್ತದೆ. ನಮ್ಮ ಕಡೆಯ ಹಿರಿಯರು ಎರಚಿದ ರಾಗಿಯ ಮೇಲೆ ಹಲುಬೆ ಹೊಡೆಯುತ್ತಿದ್ದರಲ್ಲ, ಪೈರೂ ತೆಳುವಾಗುತ್ತಿತ್ತು, ಕಳೆಯೂ ಏಳುತ್ತಿತ್ತು. ಅವರಿಗೆ ಜೀನಿನ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆಯೇ ಮೇಲು.

‘ಹಾಗಾದರೆ ಅಕ್ಕಡಿ ಸಾಲಿನ ಅವರೆ, ತೊಗರಿ ಕೂಡ ಪೈರನ್ನು ಹೆದರಿಸುವುದಿಲ್ಲವೇ?’ ಒಳ್ಳೆಯ ಪ್ರಶ್ನೆ. ಅವುಗಳ ಎಲೆಯೂ ಹಸಿರೇ. ಆದರೆ ತೊಗರಿ ಮೊದಲ ತಿಂಗಳು ಬಲು ನಿಧಾನ. ಅದು ತಲೆ ಎತ್ತುವ ಹೊತ್ತಿಗೆ ರಾಗಿ ತೆಂಡೆ ಒಡೆದು ಮುಗಿಸಿರುತ್ತದೆ. ರಾಗಿ ಕೊಯ್ದ ಮೇಲೆ ತೊಗರಿಗೆ ಬಿಸಿಲು ಧಾರಾಳ. ಜೊತೆಗೆ ಅದು ಸಾಲಿನಲ್ಲಿ ತನ್ನ ಜಾಗದಲ್ಲಿ ನಿಂತಿರುತ್ತದೆ, ಕಳೆಯ ಹಾಗೆ ಪೈರಿನ ಮೈಗೆ ಅಂಟಿಕೊಂಡು ಬರುವುದಿಲ್ಲ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಕೃಷಿ ವಿಶ್ವವಿದ್ಯಾಲಯದವರು ಹೇಳುವುದರಲ್ಲಿ ಈ ಹದವೂ ಇದೆ. ಅಕ್ಕಡಿ ಬಿಡಬೇಡಿ. ಬರೀ ರಾಗಿ ಬಿತ್ತಿ ಮನೆಗೆ ಅವರೆಕಾಳನ್ನು ದುಡ್ಡು ಕೊಟ್ಟು ತರುವ ಕಾಲ ಬಂದಿದೆಯಲ್ಲ, ಅದು ನನಗೆ ಬೇಸರ.

ಬಿತ್ತುವ ಮುಂಚಿನ ಒಂದು ಕೆಲಸ ಕಳೆ ಕೀಳುವುದಕ್ಕಿಂತಲೂ ಲಾಭದ್ದು. ಸಣ್ಣ ಸಣ್ಣ ಕಳೆಬೀಜಗಳಲ್ಲೂ ಇದೇ ಫೈಟೋಕ್ರೋಮ್ ಇದೆ. ಮಣ್ಣಿನೊಳಗೆ ಕತ್ತಲಲ್ಲಿ ಮಲಗಿದ ಬೀಜ ಉಳುಮೆಯಲ್ಲಿ ಮೇಲೆದ್ದು ಒಂದು ಗಳಿಗೆ ಬಿಸಿಲು ಕಂಡರೆ ಸಾಕು, ಮೊಳೆಯುತ್ತದೆ. ಹಸಿರೆಲೆಯ ಹೊದಿಕೆಯ ಕೆಳಗೆ ದೂರಕೆಂಪು ಬೆಳಕು ಮಾತ್ರ ಸಿಕ್ಕರೆ ಅಂಥ ಎಷ್ಟೋ ಬೀಜಗಳು ಮಲಗೇ ಇರುತ್ತವೆ. ಹಾಗಾಗಿ ಮುಂಗಾರಿನ ಮೊದಲ ಮಳೆಗಳಿಗೆ ಒಂದು ಉಳುಮೆ ಮಾಡಿ ಹೊಲವನ್ನು ಎರಡು ವಾರ ಸುಮ್ಮನೆ ಬಿಡಿ. ಕಳೆ ಹುಟ್ಟಲಿ, ಹುಟ್ಟಿ ಎರಡೆಲೆಯಾಗಲಿ. ಆಮೇಲೆ ಮೇಲುಮೇಲೆ ಕುಂಟೆ ಹೊಡೆದು ಸಾಯಿಸಿ, ಕೂಡಲೇ ಬಿತ್ತಿ. ಬಿತ್ತುವ ಮುಂಚೆ ಮತ್ತೆ ಆಳವಾಗಿ ಉಳಬೇಡಿ, ಉತ್ತರೆ ಕೆಳಗಿನ ಬೀಜಕ್ಕೆ ನೀವೇ ಬೆಳಕು ತೋರಿಸಿದಂತೆ. ಟ್ರ್ಯಾಕ್ಟರ್ ಸಿಕ್ಕಿತೆಂದು ಒಂದೇ ದಿನ ಉತ್ತು ಅಂದೇ ಬಿತ್ತುವವರ ಹೊಲದಲ್ಲಿ ಕಳೆಯೂ ರಾಗಿಯೂ ಒಂದೇ ದಿನ ಹುಟ್ಟುತ್ತವೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬುದು ಕಳೆಗೂ ಸಲ್ಲುವ ಮಾತು. ಅರ್ಧ ಕೊಳೆತ ತಿಪ್ಪೆಗೊಬ್ಬರವನ್ನೂ ಹೊಲಕ್ಕೆ ಹೊಡೆಯಬೇಡಿ. ತಿಪ್ಪೆ ಚೆನ್ನಾಗಿ ಬಿಸಿಯೇರಿ ಕಳಿತರೆ ಅದರಲ್ಲಿನ ಕಳೆಬೀಜ ಬಹುಪಾಲು ಸಾಯುತ್ತದೆ, ಇಲ್ಲದಿದ್ದರೆ ಗಾಡಿ ಬಾಡಿಗೆ ಕೊಟ್ಟು ಕಳೆ ಬಿತ್ತಿದ ಹಾಗೆ.

ಇನ್ನು ಕಾಡುರಾಗಿ. ಇದರ ಮೇಲೆ ಮಾತ್ರ ಕಣ್ಣಿಡಿ, ಯಾಕೆಂದರೆ ಇದು ರಾಗಿಯ ದಾಯಾದಿ, ಎಳೆತನದಲ್ಲಿ ರಾಗಿಯ ಪಡಿಯಚ್ಚು. ಅನುಭವವಿಲ್ಲದ ಆಳು ಇದನ್ನು ಬಿಟ್ಟು ರಾಗಿ ಕಿತ್ತ ಉದಾಹರಣೆ ಊರೂರಲ್ಲಿ ಇದೆ. ಕೀಳುವವರ ಕಣ್ಣು ತಪ್ಪಿಸಿ ಉಳಿದದ್ದೇ ಬೀಜ ಉದುರಿಸುವುದರಿಂದ, ತಲೆಮಾರುಗಳು ಕಳೆದಂತೆ ಕಳೆ ಬೆಳೆಯ ಹಾಗೆಯೇ ಕಾಣತೊಡಗುತ್ತದೆ. ಚೀನಾದ ಭತ್ತದ ಗದ್ದೆಗಳಲ್ಲಿನ ಒಂದು ಹುಲ್ಲು ಹೀಗೆ ಸುಮಾರು 1,000 ವರ್ಷಗಳ ಹಿಂದೆ ಭತ್ತದ ವೇಷ ಹಾಕಿತೆಂದು 2019ರಲ್ಲಿ ಅದರ ಜೀನು ಓದಿದವರು ಹೇಳಿದರು. ಕಾಡುರಾಗಿಯ ಗುರುತು ಹೀಗೆ: ಬುಡ ಬೆಳ್ಳಗೆ, ಹಿಸುಕಿದಂತೆ ಚಪ್ಪಟೆ. ಗಿಡ ನೆಲಕ್ಕೆ ಒರಗಿ ಸುತ್ತ ಹರಡುತ್ತದೆ. ಸಾಲಿನಲ್ಲಿ ಬಿತ್ತಿದ್ದರೆ ಇನ್ನೂ ಸುಲಭ, ಸಾಲಿನ ಹೊರಗಿದ್ದದ್ದೆಲ್ಲ ಪರರದು. ಕಳೆ ಕೀಳಲು ಬಂದ ಹೊಸಬರಿಗೆ ಮೊದಲು ಒಂದೊಂದು ಗಿಡ ಕಿತ್ತು ಕೈಯಲ್ಲಿ ಕೊಟ್ಟು ತೋರಿಸಿ, ಬರೀ ಬಾಯಲ್ಲಿ ಹೇಳಿ ಹೋಗಬೇಡಿ. ಆಳು ಮಾಡಿದ್ದು ಹಾಳು ಎಂದು ಗೊಣಗುವ ಮುಂಚೆ ಆಳಿಗೆ ಕೆಲಸ ತಿಳಿಸಿಕೊಟ್ಟಿದ್ದೀರಾ ನೋಡಿಕೊಳ್ಳಿ.

ಕಳೆನಾಶಕದ ಡಬ್ಬದ ಮೇಲೆ ನಿಮಗಿರುವ ಭರವಸೆ ನನಗಿಲ್ಲ. ಗ್ಲೈಫೋಸೇಟ್ ರಾಗಿ ಯಾವುದು, ಕಳೆ ಯಾವುದು ನೋಡುವುದಿಲ್ಲ, ನಿಂತ ಪೈರಿನ ಹತ್ತಿರ ಅದನ್ನು ತರಲೇಬೇಡಿ. 2,4-ಡಿ ಅಗಲ ಎಲೆಯ ಕಳೆಯ ಜೊತೆಗೆ ನಿಮ್ಮ ಅಕ್ಕಡಿ ಸಾಲಿನ ಅವರೆ, ತೊಗರಿಯನ್ನೂ ಸುಟ್ಟುಹಾಕುತ್ತದೆ. ಅಂಗಡಿಯವನು ಕೊಟ್ಟದ್ದನ್ನು ಹೊಡೆದು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುವ ಬದಲು, ಹಿರೇಹಳ್ಳಿ ಅಥವಾ ತಿಪಟೂರಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ಒಂದೇ ಔಷಧಿಯನ್ನು ವರ್ಷವರ್ಷ ಹೊಡೆದರೆ ಕಳೆಯ ಜೀನೂ ಸುಮ್ಮನಿರುವುದಿಲ್ಲ, ಔಷಧಿಗೆ ಜಗ್ಗದ ಒಂದೆರಡು ಗಿಡ ಉಳಿದು ಅವುಗಳದೇ ಸಂತಾನ ಬೆಳೆಯುತ್ತದೆ. ಗ್ಲೈಫೋಸೇಟಿಗೆ ಜಗ್ಗದ ಕಾಡುರಾಗಿ 1997ರಲ್ಲಿ ಮಲೇಷ್ಯಾದಲ್ಲಿ ಕಂಡುಬಂತು. ಹರಿಯಾಣ, ಪಂಜಾಬಿನ ಗೋಧಿ ಹೊಲದ ಹುಲ್ಲೊಂದು 1990ರ ದಶಕದ ಆರಂಭದಲ್ಲಿ ಐಸೊಪ್ರೊಟ್ಯುರಾನ್ ಎಂಬ ಔಷಧಿಯನ್ನು ಜೀರ್ಣಿಸಿಕೊಂಡು ರೈತರನ್ನು ಗೋಳುಹುಯ್ದುಕೊಂಡಿತು. ಔಷಧಿ ಬಿಟ್ಟು ಕೈಯಲ್ಲೇ ಕೀಳುವುದಾದರೂ, ಪಾರ್ಥೇನಿಯಂ ಕೀಳುವಾಗ ಕೈಗವಸು ಹಾಕಿಕೊಳ್ಳಿ, ಮೈ ಕೆರೆತ ಬಂದ ಮೇಲೆ ನನ್ನನ್ನು ಕೇಳಬೇಡಿ. ಅದನ್ನು ಹೂ ಬಿಡುವ ಮುಂಚೆಯೇ ಕೀಳಬೇಕು.

ಬೇಗ ಕಳೆ ಕಿತ್ತರೆ ಮನೆಗೊಂದು ಲಾಭವೂ ಉಂಟು. ಎಳೆಯ ಅಣ್ಣೆಸೊಪ್ಪು, ಗೋಣಿಸೊಪ್ಪು, ದಂಟು, ಕನ್ನೆಸೊಪ್ಪು ಎಲ್ಲ ಮಡಿಲು ತುಂಬ ಸಿಗುತ್ತದೆ. ಬೆರಕೆಸೊಪ್ಪಿನ ಸಾರಿಗೆ ಮುದ್ದೆ, ಇದಕ್ಕಿಂತ ಏನು ಬೇಕು? ಔಷಧಿ ಹೊಡೆದ ಹೊಲದ ಸೊಪ್ಪನ್ನು, ಹೊಡೆದವರ ಪಕ್ಕದ ಬದುವಿನ ಸೊಪ್ಪನ್ನು ಮಾತ್ರ ಒಲೆಗೇರಿಸಬೇಡಿ. ಗುರುತಿಲ್ಲದ ಸೊಪ್ಪನ್ನು ಹಿರಿಯ ಹೆಂಗಸರಿಗೆ ತೋರಿಸದೆ ಮಡಿಲಿಗೆ ಹಾಕಬೇಡಿ.

ಬಿತ್ತನೆ ಬೀಜವನ್ನು ಈಗಿನಿಂದಲೇ ಯೋಚಿಸಿ. ಹೊಲದ ನಡುವೆ, ಕಳೆಯಿಲ್ಲದ ಕಡೆ, ಚೆನ್ನಾಗಿ ತೆಂಡೆ ಒಡೆದ ಗಿಡಗಳಿಗೆ ಬಣ್ಣದ ದಾರ ಕಟ್ಟಿಡಿ. ಎತ್ತರ ನೋಡಿ ಮರುಳಾಗಬೇಡಿ, ಬುಡ ನೋಡಿ ಆರಿಸಿ. ಕೊಯ್ಲಿಗೆ ಮುಂಚೆ ಆ ಸುತ್ತಿನ ಕಾಡುರಾಗಿಯನ್ನು ಬುಡಸಮೇತ ತೆಗೆದು ಹೊಲದಿಂದ ಆಚೆ ಹಾಕಿ, ಅದರ ಬೀಜ ತಾಕಿದರೆ ಸಾಕು ಉದುರುತ್ತದೆ. ದಾರ ಕಟ್ಟಿದ ತೆನೆಗಳನ್ನು ಬೇರೆಯಾಗಿ ಕೊಯ್ದು, ಬೇರೆಯಾಗಿ ಬಡಿದು, ಸಣ್ಣ ಕಣ್ಣಿನ ಜರಡಿ ಹಿಡಿಯಿರಿ. ಕಾಡುರಾಗಿಯ ಬೀಜ ರಾಗಿಗಿಂತ ಸಣ್ಣದು, ಬಹುಮಟ್ಟಿಗೆ ಕೆಳಗೆ ಇಳಿಯುತ್ತದೆ. ಹಾಗೆ ಇಳಿದದ್ದನ್ನು ಕೋಳಿಗೆ ಹಾಕಿ ಅಥವಾ ಒಲೆಗೆ ಹಾಕಿ, ತಿಪ್ಪೆಗೆ ಮಾತ್ರ ಎಸೆಯಬೇಡಿ.